ಒಂದು ಮಾರು ಮುಂದಿರುವವರು

ಬೆಳಗಿನ ಐದಕ್ಕೆ ಅಲಾರಂ ಹೊಡೆದರೆ ಅದರ ಬಾಯಿ ಮುಚ್ಚಿಸಿ ಮಗ್ಗುಲು ಬದಲಿಸುವ ಮನುಷ್ಯ, ಊರ ಅಗಸಿಯ ಹತ್ತಿರ ಗೆಳೆಯ ಕಾಯುತ್ತ ನಿಂತಿದ್ದಾನೆ ಎಂದು ಗೊತ್ತಿದ್ದರೆ ಗೊಣಗುತ್ತಲೇ ಎದ್ದು ಬೂಟು ಕಟ್ಟಿಕೊಳ್ಳುತ್ತಾನೆ. ಇದು ನಮಗೆಲ್ಲ ಗೊತ್ತಿರುವ ಸಂಗತಿ. ಇದರಿಂದ ನಾವು ಬರುವ ತೀರ್ಮಾನವೂ ಒಂದೇ: ವ್ಯಾಯಾಮಕ್ಕೆ ಜೊತೆ ಬೇಕು, ಜೊತೆ ಹೆಚ್ಚಿದಷ್ಟೂ ಹುರುಪು ಹೆಚ್ಚು. ಹಾಗಾಗಿ ಮೊಬೈಲಿನಲ್ಲಿ ಒಂದು ಗುಂಪು ಹುಟ್ಟುತ್ತದೆ. ಮೊದಲ ವಾರ ನಡಿಗೆಯ ಲೆಕ್ಕ, ಬೆವರಿದ ಮುಖದ ಫೋಟೊ. ಮೂರನೆಯ ವಾರಕ್ಕೆ ಶುಭೋದಯದ ಹೂವು, ದೇವರ ಚಿತ್ರ, ಸಾಲುಸಾಲು ಹೆಬ್ಬೆರಳು. ಎರಡು ತಿಂಗಳಾಗುವಷ್ಟರಲ್ಲಿ ನಡೆಯುವವರು ಇಬ್ಬರು, ಅವರಿಗೆ ಕೈಮುಗಿಯುವವರು ನೂರೆಂಬತ್ತು.

ಅಗಸಿಯ ಹತ್ತಿರ ನಿಂತ ಒಬ್ಬ ಎಬ್ಬಿಸಬಲ್ಲ. ಮೊಬೈಲಿನಲ್ಲಿ ಕೂತ ಇನ್ನೂರು ಜನ ಎಬ್ಬಿಸಲಾರರು. ಎರಡು ಕಡೆಯೂ ಗೆಳೆಯರೇ, ಎರಡು ಕಡೆಯೂ ಒಳ್ಳೆಯ ಮನಸ್ಸೇ. ಹಾಗಾದರೆ ಜೊತೆಯ ಬಲ ಎಲ್ಲಿ ಕೂತಿದೆ?

ಬೆಳಗಾವಿ ಜಿಲ್ಲೆಯ ಪಾರಿಶ್ವಾಡದಲ್ಲಿ ನಿಂತು ಈ ಪ್ರಶ್ನೆ ಕೇಳಲು ಕಾರಣವಿದೆ. ಖಾನಾಪುರ ತಾಲ್ಲೂಕಿನ ಪಡುವಣಕ್ಕೆ ಸಹ್ಯಾದ್ರಿಯ ಕಾಡು, ಮೂಡಣಕ್ಕೆ ಇಟಗಿ, ಗಂದಿಗವಾಡ, ಪಾರಿಶ್ವಾಡದ ಹೊಲಗಳು. ಇಂಥ ಊರಿನವರಿಗೆ ವ್ಯಾಯಾಮದ ಮಾತೆಲ್ಲ ಬೆಳಗಾವಿ ಪೇಟೆಯವರ ಶೋಕಿಯಾಗಿ ಕಾಣುತ್ತಿದ್ದ ಕಾಲವಿತ್ತು. ಈಗ ಉಳುಮೆ ಟ್ರ್ಯಾಕ್ಟರಿನದು, ಹೊಲಕ್ಕೆ ಹೋಗುವುದು ಬೈಕಿನ ಮೇಲೆ, ರಕ್ತದೊತ್ತಡ ಮತ್ತು ಸಕ್ಕರೆಯ ಗುಳಿಗೆ ಹಳ್ಳಿಯ ಮನೆಯ ಮಾಡದಲ್ಲೂ ಇದೆ. ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ 2024ರಲ್ಲಿ ಬಂದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಗಂಡಸರಲ್ಲಿ ಶೇಕಡ 42, ಹೆಂಗಸರಲ್ಲಿ ಶೇಕಡ 57. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದಾದರೂ ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಷ್ಟೇ. ದಿನಕ್ಕೆ ಅರ್ಧ ತಾಸೂ ಆಗುವುದಿಲ್ಲ.

ಹಗ್ಗ ಎಳೆದವರ ಲೆಕ್ಕ

ಮ್ಯಾಕ್ಸ್ ರಿಂಗೆಲ್‌ಮನ್ ಫ್ರಾನ್ಸಿನ ಕೃಷಿ ಎಂಜಿನಿಯರ್. ಮನುಷ್ಯನ ಮನಸ್ಸು ಅವನ ವಿಷಯವೇ ಆಗಿರಲಿಲ್ಲ. ಎತ್ತು, ಕುದುರೆ, ಆಳು, ಯಂತ್ರ, ಇವುಗಳಲ್ಲಿ ಯಾವುದರಿಂದ ಎಷ್ಟು ಕೆಲಸ ತೆಗೆಯಬಹುದು ಎನ್ನುವುದು ಅವನ ತಲೆನೋವು. 1880ರ ದಶಕದಲ್ಲಿ ಅವನು ಗಂಡಸರ ಕೈಗೆ ಹಗ್ಗ ಕೊಟ್ಟು, ಅದರ ತುದಿಗೆ ಬಲ ಅಳೆಯುವ ಸಾಧನ ಕಟ್ಟಿ ಎಳೆಸಿದ. ಲೆಕ್ಕ ಪ್ರಕಟವಾದದ್ದು 1913ರಲ್ಲಿ. ಒಬ್ಬನೇ ಎಳೆದಾಗಿನ ಬಲವನ್ನು ನೂರು ಎಂದುಕೊಂಡರೆ, ಇಬ್ಬರು ಸೇರಿದಾಗ ತಲಾ ಬಲ 93ಕ್ಕೆ ಇಳಿಯಿತು, ಮೂವರಾದಾಗ 85ಕ್ಕೆ, ಎಂಟು ಜನರಾದಾಗ 49ಕ್ಕೆ. ಎಂಟು ಜನ ಸೇರಿ ನಾಲ್ವರ ಕೆಲಸವನ್ನೂ ಪೂರ್ತಿ ಮಾಡಲಿಲ್ಲ.

ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲಿಲ್ಲ, ಅದಕ್ಕೇ ಬಲ ಪೋಲಾಯಿತು ಎಂದು ಯಾರಾದರೂ ವಾದಿಸಬಹುದು. ವಾದದಲ್ಲಿ ಹುರುಳಿತ್ತು. 1974ರಲ್ಲಿ ಅಮೆರಿಕದ ಅಲನ್ ಇಂಗ್‌ಹ್ಯಾಮ್ ಮತ್ತು ಸಂಗಡಿಗರು ಒಂದು ಕಿಲಾಡಿ ಉಪಾಯ ಮಾಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂತುದಿಗೆ ನಿಲ್ಲಿಸಿದರು. ಅವನ ಹಿಂದೆ ನಿಂತವರು ಎಳೆಯುವ ಸೋಗು ಹಾಕಿದರಷ್ಟೇ, ಎಳೆಯಲಿಲ್ಲ. ಹಿಂದೆ ಜನರಿದ್ದಾರೆ ಎಂಬ ನಂಬಿಕೆಯೊಂದಕ್ಕೇ ಅವನ ಕೈ ಸಡಿಲವಾಯಿತು. ಇದಕ್ಕೆ ಮನೋವಿಜ್ಞಾನಿಗಳು ಸೋಶಿಯಲ್ ಲೋಫಿಂಗ್ ಎಂದು ಹೆಸರಿಟ್ಟರು; ನಾವು ಗುಂಪುಗಳ್ಳತನ ಎನ್ನೋಣ. ಕಳ್ಳತನವೆಂದರೂ ಮಾಡಿದವನಿಗೆ ಗೊತ್ತಾಗುವುದಿಲ್ಲ. ಕೇಳಿದರೆ, ಪೂರ್ತಿ ಜೋರು ಹಾಕಿದೆ ಎಂದೇ ಪ್ರಮಾಣ ಮಾಡುತ್ತಾನೆ.

ಇದಕ್ಕೆ ಮದ್ದು ಸಿಕ್ಕಿದ್ದು ಓಹಾಯೋದಲ್ಲಿ. ಬಿಬ್ ಲಟಾನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಎಂಬ ಮೂವರು 1979ರಲ್ಲಿ ವಿದ್ಯಾರ್ಥಿಗಳಿಗೆ ಜೋರಾಗಿ ಕೂಗಲು, ಚಪ್ಪಾಳೆ ತಟ್ಟಲು ಹೇಳಿ ಸದ್ದನ್ನು ಅಳೆದರು. ಗುಂಪು ದೊಡ್ಡದಾದಂತೆ ತಲಾ ಸದ್ದು ಕುಗ್ಗಿತು. ಆಮೇಲೆ 1981ರ ಪ್ರಯೋಗದಲ್ಲಿ, ಗುಂಪಿನಲ್ಲಿದ್ದರೂ ಯಾರ ಸದ್ದು ಎಷ್ಟೆಂದು ಬೇರೆಬೇರೆಯಾಗಿ ಅಳೆಯುತ್ತೇವೆ ಎಂದು ಮೊದಲೇ ತಿಳಿಸಿದರು. ಕಳ್ಳತನ ಮಾಯ.

ಇನ್ನೂರು ಜನರ ಮೊಬೈಲು ಗುಂಪು ಒಂದು ಉದ್ದನೆಯ ಹಗ್ಗ. ಅಲ್ಲಿ ನೀವು ಇವತ್ತು ನಡೆದಿರೋ ಇಲ್ಲವೋ ಎನ್ನುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಗಸಿಯ ಹತ್ತಿರ ನಿಂತವನ ಲೆಕ್ಕದಲ್ಲಿ ಇರುವವರು ನೀವೊಬ್ಬರೇ. ನಾಳೆ ಸಿಕ್ಕಾಗ ಅವನು, “ನಿನ್ನಿ ಯಾಕ ಬರ್ಲಿಲ್ಲಲೇ?” ಎಂದು ಕೇಳಿಯೇ ಕೇಳುತ್ತಾನೆ.

ಜಿರಲೆಗಳ ಓಟ

ಹಾಗಾದರೆ ನೋಡುವ ಕಣ್ಣಿದ್ದರೆ ಸಾಕೆ? ಸಾಲದು, ಕೆಲವೊಮ್ಮೆ ಕಣ್ಣು ಕೆಲಸ ಕೆಡಿಸುತ್ತದೆ. ಇದನ್ನು ತೋರಿಸಿಕೊಟ್ಟವು ಜಿರಲೆಗಳು. ರಾಬರ್ಟ್ ಜೈಯನ್ಸ್ ಎಂಬ ಮನೋವಿಜ್ಞಾನಿ 1969ರಲ್ಲಿ ತನ್ನ ಸಂಗಡಿಗರೊಂದಿಗೆ ಜಿರಲೆಗಳಿಗೆ ಓಟದ ಓಣಿಯೊಂದನ್ನು ಕಟ್ಟಿದ. ಬೆಳಕು ಬಿದ್ದೊಡನೆ ಅವು ಕತ್ತಲೆಗೆ ಓಡಬೇಕು. ಓಣಿಯ ಇಕ್ಕೆಲಕ್ಕೂ ಪಾರದರ್ಶಕ ಪೆಟ್ಟಿಗೆಗಳು, ಅವುಗಳಲ್ಲಿ ‘ಪ್ರೇಕ್ಷಕ’ ಜಿರಲೆಗಳು! ನೆಟ್ಟಗಿನ ಓಣಿಯಲ್ಲಿ ಪ್ರೇಕ್ಷಕರಿದ್ದಾಗ ಓಟ ಚುರುಕಾಯಿತು. ತಿರುವು ಆರಿಸಿಕೊಳ್ಳಬೇಕಾದ ಓಣಿಯಲ್ಲಿ ಪ್ರೇಕ್ಷಕರಿದ್ದಾಗ ತಡವಾಯಿತು. ಮೈಗೂಡಿದ ಕೆಲಸವನ್ನು ಪರರ ಕಣ್ಣು ಬೆಳೆಸುತ್ತದೆ, ಇನ್ನೂ ಕಲಿಯಬೇಕಾದ ಕೆಲಸದಲ್ಲಿ ಅದೇ ಕಣ್ಣು ಎಡವಿಸುತ್ತದೆ. ಜಿಮ್ಮಿಗೆ ಮೊದಲ ದಿನ ಹೋದವರು ಮೂಲೆ ಹುಡುಕುವುದು ಇದಕ್ಕೇ ಇರಬೇಕು. ನಡಿಗೆ, ಓಟ, ಬಸ್ಕಿಗಳಿಗೆ ಈ ಭಯವಿಲ್ಲ. ಅವು ನೆಟ್ಟಗಿನ ಓಣಿಗಳು.

ಬರ್ಲಿನ್ನಿನ ದೋಣಿಗಾರರು

ಕಣ್ಣಿದೆ, ಲೆಕ್ಕವಿದೆ. ಆದರೆ ಯಾರ ಕಣ್ಣು? ಈ ಪ್ರಶ್ನೆಗೆ ಉತ್ತರ 1926ರಷ್ಟು ಹಳೆಯದು. ನಡುವೆ ಅರ್ಧ ಶತಮಾನ ಅದನ್ನು ಹೆಚ್ಚು ಜನ ನೆನೆಯಲಿಲ್ಲ, ಅಷ್ಟೆ.

ಒಟ್ಟೋ ಕೋಯ್ಲರ್ ಎಂಬ ಜರ್ಮನ್ ಮನೋವಿಜ್ಞಾನಿ ಬರ್ಲಿನ್ನಿನ ದೋಣಿ ಕ್ಲಬ್ಬಿನ ಗಟ್ಟಿಮುಟ್ಟು ಆಳುಗಳನ್ನು ಕರೆದು, ಭಾರದ ಸರಳನ್ನು ತೋಳಿನಿಂದ ಎತ್ತಿಳಿಸುವ ಕೆಲಸ ಕೊಟ್ಟ, ಸೋತು ಬಿಡುವವರೆಗೆ. ಮೊದಲು ಒಬ್ಬೊಬ್ಬರೇ. ಆಮೇಲೆ ಇಬ್ಬರಿಗೆ ಒಂದೇ ಸರಳು, ಭಾರ ಎರಡುಪಟ್ಟು. ಒಬ್ಬ ಕೈಬಿಟ್ಟರೆ ಇನ್ನೊಬ್ಬನಿಂದ ಒಂಟಿಯಾಗಿ ಎತ್ತಲಾಗದು. ಜೋಡಿಯ ಆಟ ಅಲ್ಲಿಗೆ ಮುಗಿಯಿತು. ರಿಂಗೆಲ್‌ಮನ್ನನ ಹಗ್ಗ ನೆನಪಿಟ್ಟುಕೊಂಡವರು ಜೋಡಿಯ ಕೆಲಸ ಕುಸಿಯುತ್ತದೆ ಎಂದು ಕಾಯಬೇಕು. ಆದದ್ದು ಬೇರೆ. ಜೋಡಿಯಲ್ಲಿ ಬಡಕಲಾದವನು ತಾನೊಬ್ಬನೇ ಇದ್ದಾಗ ಎಷ್ಟು ಹೊತ್ತು ತಡೆದಿದ್ದನೋ ಅದಕ್ಕಿಂತ ಹೆಚ್ಚು ಹೊತ್ತು ತಡೆದ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಇಬ್ಬರ ಕಸುವು ಸರಿಸಮವಾಗಿದ್ದಾಗ ಈ ಲಾಭ ಸಣ್ಣದು. ಒಬ್ಬ ಇನ್ನೊಬ್ಬನಿಗಿಂತ ತೀರಾ ಬಲಶಾಲಿಯಾಗಿದ್ದಾಗಲೂ ಸಣ್ಣದು. ನಡುವಿನ ಅಂತರ ಹದವಾಗಿದ್ದಾಗ ಲಾಭ ಎಲ್ಲಕ್ಕಿಂತ ದೊಡ್ಡದು.

ಕೋಯ್ಲರ್ ಇದನ್ನು ಪಾರಿಶ್ವಾಡದ ರೈತನಿಗೆ ಹೇಳಿದ್ದರೆ, ಇದಕ್ಕೆ ಜರ್ಮನಿಯವರೆಗೆ ಯಾಕೆ ಹೋದಿರಿ ಎಂದು ಅವನು ಕೇಳುತ್ತಿದ್ದ. ಹೊಸ ಹೋರಿಯನ್ನು ನೊಗಕ್ಕೆ ಪಳಗಿಸುವಾಗ ಅದರ ಜೊತೆಗೆ ಇನ್ನೊಂದು ಹೊಸ ಹೋರಿಯನ್ನು ಕಟ್ಟುವುದಿಲ್ಲ. ಎರಡೂ ಕೂಡಿ ಹೊಲ ಬಿಟ್ಟು ಓಡುತ್ತವೆ. ಊರಿಗೇ ಬಿರುಸಾದ ಎತ್ತನ್ನೂ ಕಟ್ಟುವುದಿಲ್ಲ. ನೊಗ ಓರೆಯಾಗಿ ಹೋರಿಯ ಹೆಗಲು ಕಿತ್ತುಹೋಗುತ್ತದೆ, ಎರಡು ದಿನಕ್ಕೆ ಅದು ನೊಗ ಕಂಡರೆ ಮಲಗುತ್ತದೆ. ಕಟ್ಟುವುದು ನಾಲ್ಕು ಸಾಲು ಹೆಚ್ಚು ಉತ್ತ, ನಿಧಾನದ, ದಾರಿ ಗೊತ್ತಿರುವ ಎತ್ತನ್ನು. ಹೋರಿ ಹಿಂದೆ ಬಿದ್ದರೆ ನೊಗ ಹೇಳುತ್ತದೆ. ಒಂದು ಹೆಜ್ಜೆ ಹಾಕಿದರೆ ಸರಿಹೋಗುತ್ತದೆ ಎನ್ನುವುದೂ ಅದಕ್ಕೆ ತಿಳಿಯುತ್ತದೆ.

ಆ ಒಂದು ಹೆಜ್ಜೆಯ ಅಂತರದಲ್ಲೇ ಇಡೀ ಯಂತ್ರ ಕೂತಿದೆ. ಮುಂದಿರುವವನನ್ನು ಮುಟ್ಟಬಹುದು ಎಂಬ ಆಸೆ ಮತ್ತು ನನ್ನಿಂದ ಜೋಡಿ ಕೆಡಬಾರದು ಎಂಬ ಅಳುಕು, ಎರಡೂ ಒಟ್ಟಿಗೆ ಕೆಲಸ ಮಾಡುವುದು ಆ ಅಂತರದಲ್ಲಿ ಮಾತ್ರ. ಅಂಥವನನ್ನು ನಾನು ‘ಒಂದು ಮಾರು ಮುಂದಿನವನು’ ಎನ್ನುತ್ತೇನೆ. ಕೈಚಾಚಿದರೆ ಸಿಗಬೇಕು, ಚಾಚದಿದ್ದರೆ ಸಿಗಬಾರದು.

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೆಬೊರಾ ಫೆಲ್ಟ್ಸ್ ಈ ಹಳೆಯ ಪ್ರಯೋಗವನ್ನು 2011ರಲ್ಲಿ ಪರದೆಯ ಮೇಲೆ ತಂದರು. ಮೈಯನ್ನು ಹಲಗೆಯಂತೆ ಸೆಟೆದು ತಡೆಹಿಡಿಯುವ ಪ್ಲ್ಯಾಂಕ್ ವ್ಯಾಯಾಮಗಳು. ಪರದೆಯಲ್ಲಿ ಜೊತೆಗಾರನೊಬ್ಬ, ಅವನು ನಿಮಗಿಂತ ತುಸು ಮೇಲು ಎಂದು ಹೇಳಿರುತ್ತಾರೆ. ಅವನು ನಿಜಕ್ಕೂ ಅಲ್ಲಿ ಇರಲೇ ಇಲ್ಲ, ಮೊದಲೇ ಚಿತ್ರಿಸಿಟ್ಟ ವಿಡಿಯೊ. ಆದರೂ ಜೊತೆ ಸಿಕ್ಕವರು ಒಂಟಿಯಾಗಿ ಮಾಡಿದವರಿಗಿಂತ ಶೇಕಡ 24ರಷ್ಟು ಹೆಚ್ಚು ತಡೆದರು. ಮುಂದಿನ ವರ್ಷ ಬ್ರ್ಯಾಂಡನ್ ಅರ್ವಿನ್ ಮತ್ತು ಸಂಗಡಿಗರು ಹೆಣ್ಣುಮಕ್ಕಳಿಂದ ನಿಂತಲ್ಲೇ ನಿಲ್ಲುವ ಸೈಕಲ್ ತುಳಿಸಿದಾಗ, ತುಸು ಗಟ್ಟಿಯಾದ ಜೊತೆಗಾತಿಯಿದ್ದವರು ಸುಮಾರು ಎರಡುಪಟ್ಟು ಹೊತ್ತು ತುಳಿದರು. ಅಂದಮೇಲೆ ಜೊತೆ ದೂರದಲ್ಲಿರುವುದು, ಗಾಜಿನ ಹಿಂದಿರುವುದು ಅಷ್ಟು ದೊಡ್ಡ ಅಡ್ಡಿಯಲ್ಲ. ಮೊಬೈಲನ್ನು ಬೈಯುವ ಮೊದಲು ಇದು ನೆನಪಿರಲಿ.

ಬೆಳಗಾವಿ ಸೀಮೆಯಲ್ಲಿ ಈ ಸಂಗತಿಯನ್ನು ಕಣ್ಣಾರೆ ನೋಡಬಹುದಾದ ಜಾಗ ಸೈನ್ಯಕ್ಕೆ ಸೇರಬೇಕೆಂದು ಓಡುವ ಹುಡುಗರ ಗುಂಪುಗಳು. ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ ಇರುವುದೇ ಬೆಳಗಾವಿಯಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಭರ್ತಿಯ ಮಾತು ಹೊಸದಲ್ಲ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೂ ಓಟದ ಅಳತೆ ಕಟುವಾದದ್ದೇ: 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಇಂಥ ಗುಂಪಿನಲ್ಲಿ ಆರೂವರೆ ನಿಮಿಷ ತೆಗೆದುಕೊಳ್ಳುವ ಹುಡುಗ ಐದು ನಿಮಿಷದವನ ಬೆನ್ನು ಹತ್ತಿದರೆ ಎರಡನೆಯ ಸುತ್ತಿಗೆ ಹೊಟ್ಟೆ ಹಿಡಿದು ಕೂರುತ್ತಾನೆ. ಆರು ನಿಮಿಷದವನ ಹಿಂದೆ ಬಿಟ್ಟರೆ ಓಡುತ್ತಾನೆ.

ಶಾಬಾಷ್ ಅಂದರೆ

ಇಲ್ಲಿಯವರೆಗೆ ಯಾರೂ ಯಾರನ್ನೂ ಹೊಗಳಿಲ್ಲ ಎನ್ನುವುದನ್ನು ಗಮನಿಸಿದಿರಾ? ಗುಂಪು ಕಟ್ಟುವಾಗ ನಾವು ಮೊದಲು ತುಂಬುವುದು ಹೊಗಳಿಕೆಯನ್ನೇ. ಭೇಷ್, ಶಾಬಾಷ್, ನಿಮ್ಮಿಂದ ಸಾಧ್ಯ, ಬಿಡಬೇಡಿ. ಫೆಲ್ಟ್ಸ್, ಅರ್ವಿನ್ ಮತ್ತು ನಾರ್ಬರ್ಟ್ ಕೆರ್ 2013ರಲ್ಲಿ ಇದನ್ನೂ ಪರೀಕ್ಷೆಗೆ ಹಚ್ಚಿದರು. ಅದೇ ಪರದೆ, ತುಸು ಮೇಲಾದ ಅದೇ ಜೊತೆಗಾರ. ಕೆಲವರಿಗೆ ಅವನು ಸುಮ್ಮನೆ ತನ್ನ ಕೆಲಸ ಮಾಡುತ್ತಾನೆ, ಕೆಲವರಿಗೆ ನಡುನಡುವೆ ಹುರಿದುಂಬಿಸುತ್ತಾನೆ. ಬಾಯಿ ಮುಚ್ಚಿಕೊಂಡಿದ್ದವನ ಜೊತೆಗಾರರೇ ಹೆಚ್ಚು ಹೊತ್ತು ತಡೆದರು.

ಕಾರಣ ಊಹಿಸುವುದು ಕಷ್ಟವಲ್ಲ. ನಮಗಿಂತ ಗಟ್ಟಿಯಾದವನು “ನಿನ್ನ ಕೈಲಾಗುತ್ತೆ, ಬಿಡಬೇಡ” ಎಂದರೆ, ಅದರೊಳಗೆ ‘ನಿನಗೆ ಕಷ್ಟವಾಗುತ್ತಿರುವುದು ನನಗೆ ಕಾಣುತ್ತಿದೆ’ ಎಂಬುದೂ ಕೇಳಿಸುತ್ತದೆ. ಮೇಲಿನಿಂದ ಬಂದ ಮಾತು ಅದು. ಬಡಕಲು ತೋಳಿಗೆ ಅದರಿಂದ ಭಾರ ಹೆಚ್ಚುತ್ತದೆ.

ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗ. ಜಿಂಗ್ವೆನ್ ಜಾಂಗ್, ಡೇಮನ್ ಸೆಂಟೋಲಾ ಮತ್ತು ಸಂಗಡಿಗರು ಸುಮಾರು 800 ವಿದ್ಯಾರ್ಥಿಗಳನ್ನು 11 ವಾರಗಳ ವ್ಯಾಯಾಮ ತರಗತಿಗಳಿಗೆ ಸೇರಿಸಿ, ನಾಲ್ಕು ಬಗೆಯಲ್ಲಿ ಹಂಚಿದರು. ಕೆಲವರಿಗೆ ಯಾರ ನಂಟೂ ಇಲ್ಲ. ಕೆಲವರಿಗೆ ಸಣ್ಣ ತಂಡ, ತಂಡದೊಳಗೆ ಪರಸ್ಪರ ಪ್ರೋತ್ಸಾಹಿಸಲು ಹರಟೆಯ ಜಾಗ. ಇನ್ನು ಕೆಲವರಿಗೆ ತಾವೂ ಉಳಿದವರೂ ಎಷ್ಟು ತರಗತಿಗೆ ಹೋದೆವೆಂಬ ಪಟ್ಟಿ, ಒಬ್ಬೊಬ್ಬರದಾಗಿಯೋ ತಂಡದ್ದಾಗಿಯೋ. 2016ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪಟ್ಟಿ ಕಂಡವರ ಹಾಜರಿ ಉಳಿದವರದಕ್ಕಿಂತ ಶೇಕಡ 90ರಷ್ಟು ಹೆಚ್ಚು. ಬರಿಯ ಪ್ರೋತ್ಸಾಹದ ತಂಡಗಳು ಎಲ್ಲರಿಗಿಂತ ಕೆಳಗೆ, ಯಾರ ನಂಟೂ ಇಲ್ಲದ ಒಂಟಿಗರಿಗಿಂತಲೂ ಕೆಳಗೆ!

ಸೆಂಟೋಲಾ ಕೊಡುವ ವಿವರಣೆ ಇದು. ಪ್ರೋತ್ಸಾಹದ ಗುಂಪಿನಲ್ಲಿ ಎಲ್ಲರ ಗಮನ ಹೋಗುವುದು ಬಾರದೆ ಉಳಿದವರ ಕಡೆಗೆ. ಬಾರದವರನ್ನೇ ನೋಡುತ್ತ ಬಂದವರಿಗೆ, ಬಾರದಿರುವುದೇ ರೂಢಿ ಎನ್ನಿಸತೊಡಗುತ್ತದೆ. ಪಟ್ಟಿಯಲ್ಲಿ ಕಣ್ಣು ಹೋಗುವುದು ಬಂದವರ ಕಡೆಗೆ. ಮೂರನೆಯ ವಾರಕ್ಕೆ ನಮ್ಮ ಮೊಬೈಲು ಗುಂಪಿನಲ್ಲಿ ಹೂವು ಅರಳಲು ಶುರುವಾಗುವುದು ಯಾಕೆಂದು ಈಗ ಗೊತ್ತಾಯಿತಲ್ಲ. ನಡೆದೆ ಎನ್ನುವ ಸುದ್ದಿ ಕಡಿಮೆಯಾದಷ್ಟೂ ಹಾರೈಕೆ ಹೆಚ್ಚುತ್ತದೆ. ಹಾರೈಕೆ ಹೆಚ್ಚಿದಷ್ಟೂ ನಡೆಯದಿದ್ದರೂ ಗುಂಪಿನವರಾಗಿ ಉಳಿಯಬಹುದು ಎನ್ನುವುದು ಖಾತ್ರಿಯಾಗುತ್ತದೆ.

ಇಷ್ಟು ಓದಿ ಪ್ರೀತಿಯ ಮಾತೇ ವ್ಯರ್ಥ ಎಂದುಕೊಳ್ಳಬೇಡಿ. ಕಾಯಿಲೆಯಿಂದ ಎದ್ದವರಿಗೆ, ದುಃಖದಲ್ಲಿರುವವರಿಗೆ ಮಾತು ಬೇಕು. ಇಲ್ಲಿ ಕೇಳುತ್ತಿರುವುದು ಕಾಲು ಎತ್ತಿಸುವುದು ಯಾವುದು ಎಂದಷ್ಟೇ.

ತಾಲೀಮಿನವರು ಮಾಡುತ್ತಿದ್ದದ್ದು

ಬೆಳಗಾವಿ ಸೀಮೆಯ ಕುಸ್ತಿಗೆ ಕೊಲ್ಹಾಪುರದ ಗಾಳಿ ಮೊದಲಿನಿಂದ ಬೀಸಿದೆ. 1922ರವರೆಗೆ ಆಳಿದ ಶಾಹು ಮಹಾರಾಜರು ಪೈಲವಾನರನ್ನು ಸಾಕಿ ಸಲಹಿದ ಕಥೆ ಇಲ್ಲಿನ ತಾಲೀಮುಗಳಲ್ಲಿ ಇನ್ನೂ ಜೀವಂತ. ಬೆಳಗಾವಿಯ ಆನಂದವಾಡಿ ಆಖಾಡದಿಂದ ಹಿಡಿದು ಹಳ್ಳಿಯ ಒಂದಂಕಣದ ಗರಡಿ ಮನೆಯವರೆಗೆ ಪದ್ಧತಿ ಹೆಚ್ಚುಕಡಿಮೆ ಒಂದೇ. ಕೆಂಪು ಮಣ್ಣು ಹದ ಮಾಡುವುದು ಎಲ್ಲರೂ ಸೇರಿ. ಆಮೇಲೆ ಬಸ್ಕಿ, ದಂಡ. ಎಣಿಕೆ ಬಾಯಲ್ಲಿ, ಗಟ್ಟಿಯಾಗಿ. ಹತ್ತು ತಪ್ಪಿಸಿದರೆ ಪಕ್ಕದವನಿಗೆ ಗೊತ್ತು. ಕುಸ್ತಿ ಕಲಿಸುವ ವಸ್ತಾದ ಹೊಗಳುವುದು ಅಪರೂಪ. ಅವನ ನಿಜವಾದ ಕಸುಬು ಜೋಡಿ ಹಚ್ಚುವುದರಲ್ಲಿದೆ: ಇವತ್ತು ಯಾರು ಯಾರ ಜೊತೆ ಹಿಡಿಯಬೇಕು ಎಂದು ಮೈ ನೋಡಿ, ಉಸಿರು ನೋಡಿ ತೀರ್ಮಾನಿಸುವುದು. ಜಾತ್ರೆಯ ಕುಸ್ತಿ ಕಣದಲ್ಲೂ ಹಿರಿಯರು ಹುಡುಗರ ರಟ್ಟೆ ಹಿಡಿದು ನೋಡಿ ಜೋಡಿ ಹಚ್ಚುತ್ತಾರೆ. ಜೋಡಿ ಸರಿಯಾಗದಿದ್ದರೆ ನೋಡುವವರೇ ಗಲಾಟೆ ಎಬ್ಬಿಸುತ್ತಾರೆ. ಕೋಯ್ಲರನ ಹೆಸರು ಕೇಳದವರೂ ಆ ಅಂತರದ ಹದವನ್ನು ಬೆರಳಲ್ಲಿ ಅಳೆಯಬಲ್ಲವರಾಗಿದ್ದರು.

ತಾಲೀಮಿನ ಗೆಳೆತನವೂ ವಿಚಿತ್ರ. ಬೆಳಿಗ್ಗೆ ಒಬ್ಬರನ್ನೊಬ್ಬರು ಮಣ್ಣಿಗೆ ಕೆಡವಿದವರು ಸಂಜೆ ಒಟ್ಟಿಗೆ ಹಾಲು ಕುಡಿಯುತ್ತಾರೆ. ಇದರಲ್ಲಿ ಸ್ಪರ್ಧೆ ಎಷ್ಟು, ಸ್ನೇಹ ಎಷ್ಟು ಎಂದು ಬಿಡಿಸಲು ಹೋಗುವುದು ದಂಡ.

ಒಟ್ಟಿಗೆ ಎಳೆದ ಹುಟ್ಟು

ಆ ಗೆಳೆತನಕ್ಕೆ ಮೈಯೊಳಗಿನ ಕಾರಣವೂ ಒಂದಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 12 ದೋಣಿಗಾರರನ್ನು ಎಮ್ಮಾ ಕೋಹೆನ್, ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ಹುಟ್ಟು ಹಾಕುವ ಯಂತ್ರದ ಮೇಲೆ 45 ನಿಮಿಷ ದುಡಿಸಿದರು. ಒಮ್ಮೆ ಒಂಟಿಯಾಗಿ, ಒಮ್ಮೆ ಒಂದೇ ಲಯದಲ್ಲಿ ತಂಡವಾಗಿ ಕೂಡಿ. ಮುಗಿದ ಮೇಲೆ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ಉಬ್ಬಿಸುತ್ತ, ಎಲ್ಲಿಯವರೆಗೆ ನೋವು ತಡೆಯುತ್ತಾರೆಂದು ಅಳೆದರು. ದುಡಿಮೆ ಎರಡು ಸಲವೂ ಅಷ್ಟೇ. ಕೂಡಿ ದುಡಿದ ದಿನ ನೋವು ತಡೆಯುವ ಶಕ್ತಿ ಹೆಚ್ಚು ಏರಿತ್ತು. ಮಿದುಳು ತಾನೇ ತಯಾರಿಸುವ ನೋವುಶಾಮಕ ಎಂಡಾರ್ಫಿನ್ ಹೆಚ್ಚು ಸುರಿದದ್ದರ ಗುರುತಿದು ಎಂದು ಅವರ ವಾದ. ರಕ್ತದಲ್ಲೋ ಮಿದುಳಲ್ಲೋ ನೇರವಾಗಿ ಅಳೆದದ್ದಲ್ಲ, ಆದ್ದರಿಂದ ವಾದ ಎಂದೇ ಹೇಳಬೇಕು. ಮನೆಯಲ್ಲಿ ಮೆಟ್ಟಿಲು ಹತ್ತಲು ನರಳುವ ಬೆಳಗಾವಿ ಜಿಲ್ಲೆಯ ಅಜ್ಜಂದಿರು ಪಂಢರಪುರದ ದಿಂಡಿಯಲ್ಲಿ ತಾಳ ಕುಟ್ಟುತ್ತ ದಿನವಿಡೀ ನಡೆಯುತ್ತಾರಲ್ಲ, ಅದರ ಹಿಂದೆ ವಿಠ್ಠಲನ ಜೊತೆಗೆ ಇದರದ್ದೂ ಒಂದು ಪಾಲು ಇದ್ದೀತು.

ಮಳೆ ಬಂದ ಊರು, ಬಿಸಿಲಿದ್ದ ಊರು

ಜೊತೆಗಾರನ ಓಟ ನಿಜವಾಗಿ ಅಂಟುತ್ತದೆಯೇ, ಅಥವಾ ಓಡುವವರು ಓಡುವವರನ್ನೇ ಗೆಳೆಯರಾಗಿ ಹುಡುಕಿಕೊಳ್ಳುತ್ತಾರೆಯೇ? ಇವೆರಡನ್ನು ಬಿಡಿಸುವುದು ಸುಲಭವಲ್ಲ. ಸಿನಾನ್ ಅರಲ್ ಮತ್ತು ಕ್ರಿಸ್ಟೋಸ್ ನಿಕೊಲೈಡಿಸ್ 2017ರಲ್ಲಿ ಹವಾಮಾನದ ಸಹಾಯ ಪಡೆದರು. ಓಟದ ಲೆಕ್ಕವನ್ನು ಗೆಳೆಯರಿಗೆ ತೋರಿಸುವ ಸಾಧನ ಕಟ್ಟಿಕೊಂಡ 11 ಲಕ್ಷ ಜನರ ಐದು ವರ್ಷದ ದಾಖಲೆ ಅವರ ಕೈಯಲ್ಲಿತ್ತು. ಗೆಳೆಯನ ಊರಲ್ಲಿ ಮಳೆ ಬಂದರೆ ಅವನ ಓಟ ಕುಗ್ಗುತ್ತದೆ. ನಿಮ್ಮ ಊರಲ್ಲಿ ಬಿಸಿಲೇ ಇದ್ದರೂ ನಿಮ್ಮ ಓಟವೂ ಕುಗ್ಗಿದರೆ, ಅದು ಗೆಳೆಯನಿಂದ ಅಂಟಿದ್ದೇ ಸರಿ. ಲೆಕ್ಕ ಹೇಳಿದ್ದು: ಗೆಳೆಯರು ಒಂದು ಕಿಲೋಮೀಟರ್ ಹೆಚ್ಚು ಓಡಿದರೆ ನಾವು ಸುಮಾರು 300 ಮೀಟರ್ ಹೆಚ್ಚು ಓಡುತ್ತೇವೆ.

ಇಲ್ಲಿ ಒಂದು ತೊಡಕು. ಕಡಿಮೆ ಓಡುವವರು ಹೆಚ್ಚು ಓಡುವವರನ್ನು ಎಬ್ಬಿಸಿದರೇ ಹೊರತು ಇದರ ತಿರುಗುಮುರುಗು ಆಗಲಿಲ್ಲ. ಕೋಯ್ಲರನಲ್ಲಿ ಹಿಂದಿನವನು ಮುಂದಿನವನಿಂದ ಏಳುತ್ತಾನೆ. ಇಲ್ಲಿ ಮುಂದಿನವನು ಹಿಂದಿನವನಿಂದ. ನನಗೆ ತೋಚುವುದು ಹೀಗೆ: ಈ ಓಟಗಾರರ ಹೆಗಲ ಮೇಲೆ ನೊಗವಿಲ್ಲ. ಒಬ್ಬ ಬಿಟ್ಟರೆ ಇನ್ನೊಬ್ಬನ ಆಟ ನಿಲ್ಲುವುದಿಲ್ಲ. ನೊಗವಿಲ್ಲದ ಕಡೆ ಉಳಿಯುವುದು ಹಿಂದಿನವನು ದಾಟಿ ಹೋದಾನು ಎಂಬ ದಿಗಿಲು ಮಾತ್ರ. ಅದು ಮುಂದಿರುವವರಿಗೆ ಒಳ್ಳೆಯದು. ಹೊಸಬರಿಗೆ ಬೇಕಾದದ್ದು ನೊಗ.

ಅದೇ ಲೆಕ್ಕದಲ್ಲಿ ಇನ್ನೊಂದು ಮಾತಿತ್ತು: ಗಂಡಸರು ಗಂಡಸರಿಂದಲೂ ಹೆಂಗಸರಿಂದಲೂ ಪ್ರಭಾವಿತರಾದರು, ಹೆಂಗಸರು ಹೆಂಗಸರಿಂದ ಮಾತ್ರ. ಸಾಕಷ್ಟು ಚಟುವಟಿಕೆಯಿಲ್ಲದ ಹೆಂಗಸರ ಶೇಕಡ 57ರ ಅಂಕಿಯ ಪಕ್ಕಕ್ಕೆ ಇದನ್ನಿಟ್ಟು ನೋಡಿದರೆ, ಹೆಣ್ಣುಮಕ್ಕಳ ಗುಂಪು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಏಳುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಅದು ಆಗಲೇ ಇದೆ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ಹದಿನೈದಿಪ್ಪತ್ತು ಜನ ವಾರಕ್ಕೊಮ್ಮೆ ಕೂಡುತ್ತಾರೆ. ಪುಸ್ತಕ ತೆರೆದು ಹೆಸರು ಕೂಗುತ್ತಾರೆ. ಉಳಿತಾಯದ ಹಣ ತಾರದವರ ಹೆಸರು ಅಲ್ಲೇ ಎಲ್ಲರ ಕಿವಿಗೂ ಬೀಳುತ್ತದೆ. ಸಾಲ ತೀರಿಸದವಳಿಂದ ಇಡೀ ಸಂಘಕ್ಕೆ ಮುಂದಿನ ಸಾಲ ಕಷ್ಟವಾಗುತ್ತದೆ. ಲೆಕ್ಕವೂ ಇದೆ, ನೊಗವೂ ಇದೆ. ಇವು ಹುಟ್ಟಿದ್ದು ಹಣಕ್ಕಾಗಿ. ನಡಿಗೆಯ ನಿಮಿಷಗಳಿಗೆ ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಎಳೆಯಲು ಅಡ್ಡಿಯೇನಿಲ್ಲ.

ಇಪ್ಪತ್ತು ಜನ ಒಟ್ಟಿಗೆ ನಡೆಯಹೊರಟರೆ ಮಾತ್ರ ಮತ್ತೆ ಹಗ್ಗವಾಗುತ್ತದೆ, ಮೇಲಾಗಿ ಬೆಳಗಿನ ಹೊತ್ತು ಒಲೆ, ನೀರು, ಹಾಲು ಕರೆಯುವುದು ಎಂದು ಒಬ್ಬೊಬ್ಬರ ಬಿಡುವು ಒಂದೊಂದು ಗಳಿಗೆಗೆ. ಅದೇ ಓಣಿಯ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ಬಾಗಿಲಿಗೆ ಬಂದು ಕೂಗುವಷ್ಟು ಸಲಿಗೆ ಇರಬೇಕು, ವಯಸ್ಸು ಹೊಂದದಿದ್ದರೂ ನಡೆಯುತ್ತ ಮಾತಾಡುವಾಗ ಉಸಿರು ಹೊಂದಬೇಕು. ಅತ್ತೆಯನ್ನೂ ಸೊಸೆಯನ್ನೂ ಒಂದೇ ಜೋಡಿಗೆ ಹಚ್ಚಬಹುದೇ ಎನ್ನುವುದನ್ನು ಯಾವ ವಿಶ್ವವಿದ್ಯಾಲಯವೂ ಪರೀಕ್ಷಿಸಿದಂತಿಲ್ಲ. ಅದನ್ನು ಸಂಘದ ಪುಸ್ತಕ ಬರೆಯುವವಳೇ ತೀರ್ಮಾನಿಸಲಿ, ಊರಿನ ಎಲ್ಲರ ಹೆಜ್ಜೆಯೂ ಅವಳಿಗೆ ಗೊತ್ತು.